ಮಾಮಿಯನ್ನು ಕೆಳಗಿಳಿಸಿದ ವಾರ

ಮೇ ತಿಂಗಳ ಕೊನೆಯಲ್ಲಿ, ಒಂದು ಗುರುವಾರ ಮಧ್ಯಾಹ್ನ, ನಾನು ಮೂಲ್ಕಿಯಲ್ಲಿ ಮುಂಬಯಿ ರೈಲು ಹತ್ತಿದೆ. ಎರಡು ದಿನ ಮುಂಚೆ ಇಂಥ ಯೋಚನೆಯೇ ಇರಲಿಲ್ಲ. ಡೊಂಬಿವಲಿಯಲ್ಲಿರುವ ನನ್ನ ತಂಗಿ ಕರುಣಾ ಮೊಬೈಲಿಗೆ ಒಂದು ಫೋಟೋ ಕಳಿಸಿದ್ದಳು. ಅವಳ ಕಟ್ಟಡದ ಗೇಟು, ಗೇಟಿನ ಮೇಲೆ ನಗರಪಾಲಿಕೆಯವರು ಮೂರು ವಾರದ ಹಿಂದೆಯೇ ಅಂಟಿಸಿದ್ದ ಮರಾಠಿ ನೋಟೀಸು. ಕಟ್ಟಡ ಅತ್ಯಂತ ಅಪಾಯಕಾರಿ, ಮಳೆಗಾಲಕ್ಕೆ ಮುಂಚೆ ಖಾಲಿ ಮಾಡಬೇಕು ಎಂಬುದು ಅದರ ಸಾರಾಂಶ. ಫೋಟೋದ ಕೆಳಗೆ ಕರುಣಾ ಬರೆದಿದ್ದಳು: "ಅಕ್ಕ, ಪ್ರಾರ್ಥನೆ ಮಾಡು. ನಾವು ಕದಲುವುದಿಲ್ಲ."

ನಾನು ಪ್ರಾರ್ಥನೆ ಮಾಡಿದೆ. ಆಮೇಲೆ ತತ್ಕಾಲ್ ಟಿಕೆಟ್ ಮಾಡಿಸಿದೆ.

ಕರುಣಾ ನನಗಿಂತ ಒಂಬತ್ತು ವರ್ಷ ಚಿಕ್ಕವಳು. ಅವಳ ಗಂಡ ಸುಧೀರ ತೀರಿಕೊಂಡು ನಾಲ್ಕು ವರ್ಷವಾಯಿತು. ಮಕ್ಕಳಿಲ್ಲ. ಆ ಮನೆಯಲ್ಲಿ ಈಗ ಇರುವುದು ಅವಳು ಮತ್ತು ಅವಳ ಅತ್ತೆ ರೂತಮ್ಮ. ರೂತಮ್ಮನಿಗೆ ಎಂಬತ್ತು ದಾಟಿದೆ. ಲಕ್ವ ಹೊಡೆದ ಮೇಲೆ ಸೊಂಟದ ಕೆಳಗೆ ಶಕ್ತಿಯಿಲ್ಲ, ಮಂಚ ಬಿಟ್ಟು ಇಳಿದಿಲ್ಲ. ಕದಲುವುದಿಲ್ಲ ಎಂದು ಕರುಣಾ ಬರೆದಾಗ ನನಗೆ ಮೊದಲು ನೆನಪಾದದ್ದು ಈ ಹೆಂಗಸು. ಓಡಬೇಕಾದ ಗಳಿಗೆ ಬಂದರೆ ಕರುಣಾ ಓಡಬಲ್ಲಳು. ರೂತಮ್ಮ ಓಡುವುದು ಹೇಗೆ?

ರೈಲಿನಲ್ಲಿ ಸೆಖೆ ವಿಪರೀತವಿತ್ತು. ಕಾರವಾರ ದಾಟಿದ ಮೇಲೆ ಒಂದರ ಹಿಂದೆ ಒಂದು ಸುರಂಗ. ಮಡಗಾಂವಿನಲ್ಲಿ ಕೊಂಡ ಮೊಟ್ಟೆ ಬಿರಿಯಾನಿ ತಣ್ಣಗಿತ್ತು, ಅರ್ಧ ತಿಂದು ಇಟ್ಟೆ. ಎದುರು ಸೀಟಿನ ಹೆಂಗಸು ಮೂವತ್ತು ವರ್ಷದಿಂದ ಥಾಣೆಯಲ್ಲಿರುವ ಕಾರ್ಕಳದವರು. ನಾನು ಟೀಚರೆಂದು ಪರಿಚಯ ಹೇಳಿ, ನೋಟೀಸಿನ ಸಂಗತಿಯನ್ನೂ ಹೇಳಿದೆ. "ಮಳೆಗಾಲ ಬಂತಂದ್ರೆ ಆ ನೋಟೀಸು ಬರುದೇ ಟೀಚರ್. ಕೆಲವು ಬೀಳುದಿಲ್ಲ. ಕೆಲವು ಬೀಳ್ತದೆ," ಎಂದು ಹೇಳಿ ಅವರು ಬೆಡ್‌ಶೀಟು ಹೊದ್ದು ಮಲಗಿದರು.

ಬೆಳಕು ಹರಿಯುವ ಹೊತ್ತಿಗೆ ಥಾಣೆ ಬಂತು. ಕರುಣಾ ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದಳು. ತೆಳ್ಳಗಾಗಿದ್ದಳು, ಆದರೆ ಮುಖದಲ್ಲಿ ಕಳೆಯಿತ್ತು. ಅವಳು ಥಾಣೆಯಲ್ಲೇ, ನೌಪಾಡಾದ ಒಂದು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಅಂಗಡಿ ತೆರೆಯುವವರೆಗೆ ಕಾದು, ಮಾಲೀಕರಿಗೆ ರಜೆ ಹೇಳಿ ಹೋಗುವ ಎಂದಳು. ಅಲ್ಲಿಯ ಒಂದು ಉಡುಪಿ ಹೋಟೆಲಿನಲ್ಲಿ ಕೂತೆವು. ಗಲ್ಲಾದಲ್ಲಿದ್ದವರು ನಮ್ಮ ತುಳು ಕೇಳಿ ಎರಡನೆಯ ಸಲ ಸಾಂಬಾರು ಕಳಿಸಿದರು. ಇಡ್ಲಿ ಚೆನ್ನಾಗಿತ್ತು, ಚಟ್ನಿಗೆ ಸಕ್ಕರೆ ಹಾಕಿದ್ದರು.

ಬೆಳಗಿನ ಜನವೆಲ್ಲ ಮುಂಬಯಿಯ ಕಡೆ ಹೋಗುವುದು. ನಾವು ಎದುರು ದಿಕ್ಕಿನವರು. ಹತ್ತು ರೂಪಾಯಿಯ ಟಿಕೆಟಿಗೆ ಲೇಡೀಸ್ ಡಬ್ಬದಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಮುಂಬ್ರಾದ ಗುಡ್ಡ ದಾಟುವಾಗ ಕರುಣಾ ಈ ನಾಲ್ಕು ವರ್ಷಗಳ ಕಥೆ ಹೇಳಿದಳು. ಫೋನಿನಲ್ಲಿ ತುಂಡು ತುಂಡಾಗಿ ಕೇಳಿದ್ದೆ, ಒಟ್ಟಾಗಿ ಕೇಳಿದ್ದು ಅಂದೇ. ಸುಧೀರ ಹೋದ ತಿಂಗಳು ಅವಳಿಗೆ ಬ್ಯಾಂಕಿನ ಚೀಟಿ ತುಂಬಲೂ ಬರುತ್ತಿರಲಿಲ್ಲ. ಎಂದೂ ಹೊರಗೆ ದುಡಿದವಳಲ್ಲ. ಕನ್ನಡಕ ರಿಪೇರಿಗೆ ಹೋದ ಅಂಗಡಿಯವರೇ, ಕೆಲಸಕ್ಕೆ ಬರುತ್ತೀರಾ ಎಂದು ಕೇಳಿದ್ದು. ಅವಳು ಕೆಲಸಕ್ಕೆ ಹೋದಾಗ ಅತ್ತೆಯನ್ನು ನೋಡಿಕೊಳ್ಳಲು ಎದುರು ಮನೆಯ ಮರಾಠಿ ಹೆಂಗಸು ತಾನಾಗಿ ಬಂದದ್ದು. "ಇದರಲ್ಲಿ ನಾನು ಮಾಡಿದ್ದು ಒಂದಾದ್ರೂ ಉಂಟಾ ಅಕ್ಕ? ಬೆಳಿಗ್ಗೆ ಎದ್ದು ನನ್ನಿಂದ ಆಗುದಿಲ್ಲ ಅಂತ ಹೇಳುದು. ಅಷ್ಟೇ ನಾನು ಮಾಡುದು. ಮತ್ತೆ ಎಲ್ಲ ಅವರು."

ಅವರು ಎಂದರೆ ದೇವರು. ಈ ಮಾತನ್ನು ನಾನು ನಂಬಿದೆ, ಈಗಲೂ ನಂಬುತ್ತೇನೆ. ನಾನು ನಲವತ್ತು ವರ್ಷ ಭಾನುವಾರದ ಶಾಲೆಯಲ್ಲಿ ಮಕ್ಕಳಿಗೆ ಕಲಿಸಿದ್ದೂ ಇದನ್ನೇ. ಮುಂದೆ ಬರೆಯಲಿರುವುದನ್ನು ಓದಿ ಯಾರಾದರೂ ನನ್ನನ್ನು ನಂಬಿಕೆಯಿಲ್ಲದವಳು ಎಂದರೆ, ಈ ಪ್ಯಾರಾವನ್ನು ಇನ್ನೊಮ್ಮೆ ಓದಲಿ.

ಕಟ್ಟಡದ ಹೆಸರು ಬರೆಯುವುದಿಲ್ಲ, ಅಲ್ಲಿ ಇನ್ನೂ ಜನರಿದ್ದಾರೆ. ಡೊಂಬಿವಲಿ ಸ್ಟೇಷನ್ನಿನ ಪೂರ್ವ ಭಾಗದಿಂದ ಶೇರ್ ರಿಕ್ಷಾದಲ್ಲಿ ಹೋಗಬೇಕು. ನೆಲದ ಮೇಲೆ ನಾಲ್ಕು ಮಹಡಿ. ಕೆಳಗಿನ ಅಂಗಡಿಗಳ ಶಟರು ಎಳೆದಿತ್ತು. ಮೆಟ್ಟಿಲಿನ ಮೊದಲ ತಿರುವಿನಲ್ಲಿ ಕಬ್ಬಿಣದ ಕಂಬಗಳನ್ನು ಟೇಕು ಕೊಟ್ಟು ನಿಲ್ಲಿಸಿದ್ದರು. ನೀರಿನ ಪೈಪಿನ ಪಕ್ಕ ಗೋಡೆಯೊಳಗಿಂದ ಒಂದು ಅಶ್ವತ್ಥದ ಸಸಿ ನನ್ನ ಎತ್ತರಕ್ಕೆ ಬೆಳೆದಿತ್ತು. ಎರಡನೆಯ ಮಹಡಿಯ ತೊಲೆಯಲ್ಲಿ ಸಿಮೆಂಟು ಉದುರಿ ಸರಳುಗಳು ಕಾಣುತ್ತಿದ್ದವು. ಒಂದನ್ನು ಮುಟ್ಟಿದೆ. ತುಕ್ಕು ಹಪ್ಪಳದಂತೆ ಎದ್ದು ಕೈಗೆ ಬಂತು.

"ಎಷ್ಟು ಮನೆಯವರು ಉಳಿದಿದ್ದಾರೆ?" ಎಂದು ಕೇಳಿದೆ.

"ಅರ್ಧಕ್ಕಿಂತ ಕಮ್ಮಿ. ಕೀಲಿ ಕೊಟ್ರೆ ರೂಮು ಹೋಯ್ತು, ಮತ್ತೆ ಸಿಕ್ಕುದಿಲ್ಲ ಅಂತ ಅವರಿಗೆ ಹೆದರಿಕೆ. ಅವರು ಹೆದರಿ ಕೂತದ್ದು ಅಕ್ಕ. ನಾನು ನಂಬಿ ಕೂತದ್ದು."

ಹೊರಗಿನಿಂದ ನೋಡುವವರಿಗೆ ಈ ಎರಡರಲ್ಲಿ ಏನು ವ್ಯತ್ಯಾಸ ಎಂದು ಕೇಳಬೇಕೆನಿಸಿತು. ಮೆಟ್ಟಿಲು ಹತ್ತಿ ಉಸಿರಿರಲಿಲ್ಲ.

ಮೂರನೆಯ ಮಹಡಿಯಲ್ಲಿ ಅವಳ ಮನೆ. ಒಂದು ಕೋಣೆ, ಅಡುಗೆಮನೆ. ಕಿಟಕಿಯ ಪಕ್ಕದ ಮಂಚದಲ್ಲಿ ರೂತಮ್ಮ ದಿಂಬಿಗೆ ಒರಗಿದ್ದರು. "ಟೀಚರ್ ಬಂದ್ರಾ? ಒಳ್ಳೇದಾಯ್ತು. ಇಲ್ಲಿ ನನ್ನತ್ರ ಮಾತಾಡುದು ಯಾರೂ ಇಲ್ಲ. ಎಲ್ಲರೂ ದೇವರತ್ರವೇ ಮಾತಾಡುದು," ಎಂದರು. ಕರುಣಾ ನಕ್ಕು, "ಮಾಮಿ, ಸುಮ್ಮನಿರಿ," ಎಂದಳು. ನಮ್ಮ ಕಡೆ ಅತ್ತೆಯನ್ನು ಹಾಗೆ ಕರೆಯುತ್ತೇವೆ.

ಗೋಡೆಯಲ್ಲಿ ಮೇಲಿಂದ ಕೆಳಗೆ ಒಂದು ಬಿರುಕು. ಅದರ ನಡುವೆ, ಸುಮಾರು ಎದೆಮಟ್ಟದಲ್ಲಿ, ಪ್ಲಾಸ್ಟಿಕ್ ಹೊದಿಸಿದ ಒಂದು ಕಾರ್ಡು ಅಂಟಿಸಿತ್ತು. ನಮ್ಮ ಕ್ರೈಸ್ತ ಸಭೆಗಳಲ್ಲಿ ಇಲ್ಲದವರಿಗೆ ಇದನ್ನು ವಿವರಿಸಬೇಕು. ವರ್ಷದ ಕೊನೆಯ ದಿನದ ಆರಾಧನೆಯಲ್ಲಿ ಮನೆಗೊಂದರಂತೆ ವಾಗ್ದಾನದ ಕಾರ್ಡು ಎತ್ತುವ ರೂಢಿ ಉಂಟು. ಬೋರಲಾಗಿ ಇಟ್ಟ ಕಾರ್ಡುಗಳು. ಪ್ರಾರ್ಥನೆ ಮಾಡಿ ಒಂದನ್ನು ಎತ್ತುವುದು. ಅದರಲ್ಲಿ ಅಚ್ಚಾದ ವಾಕ್ಯವೇ ಆ ವರ್ಷಕ್ಕೆ ಆ ಮನೆಯವರಿಗೆ ದೇವರು ಕೊಟ್ಟ ಮಾತು. ನಮ್ಮ ಊರಿನಲ್ಲಿಯೂ ಎತ್ತುತ್ತೇವೆ. ಅದನ್ನು ಬೈಬಲಿನ ನಡುವೆ ಇಟ್ಟು, ಕಷ್ಟ ಬಂದಾಗ ತೆಗೆದು ಓದಿ, ಧೈರ್ಯ ತಂದುಕೊಳ್ಳುತ್ತೇವೆ. ಕರುಣಾಳ ಕಾರ್ಡಿನಲ್ಲಿ ಬಂದದ್ದು, ನಿನ್ನ ನಿವಾಸ ಕದಲದು ಎಂಬರ್ಥದ ವಾಕ್ಯ. ಅವಳು ಅದನ್ನು ಈ ಗೋಡೆಯ ಬಗ್ಗೆ, ಈ ಸಿಮೆಂಟಿನ ಬಗ್ಗೆ ಹೇಳಿದ ಮಾತು ಎಂದು ತೆಗೆದುಕೊಂಡಿದ್ದಳು. ನೋಟೀಸು ಬಂದ ದಿನ ತಂದು ಬಿರುಕಿನ ಮೇಲೆ ಅಂಟಿಸಿದ್ದಳು.

"ಇದನ್ನು ಹಾಗೆ ಅರ್ಥ ಮಾಡು ಅಂತ ಯಾರು ಹೇಳಿದ್ದು?" ಎಂದೆ.

"ಯಾರೂ ಹೇಳ್ಬೇಕಾ ಅಕ್ಕ? ಇಡೀ ತಟ್ಟೆಯಲ್ಲಿ ಅಷ್ಟು ಕಾರ್ಡು. ನನ್ನ ಕೈಗೆ ಇದೇ ಯಾಕೆ ಬಂತು?"

ಮರುದಿನ ಶನಿವಾರ. ಬೆಳಿಗ್ಗೆ ಕರುಣಾ ಅಡುಗೆಮನೆಯ ನೆಲದಲ್ಲಿ ಕೂತು ಅಲಸಂಡೆ ಮುರಿಯುತ್ತಿದ್ದಳು. ನಾನು ರೂತಮ್ಮನ ಮಗ್ಗುಲು ಬದಲಿಸಲು ಹೋಗಿ, ಒಬ್ಬಳಿಂದ ಆಗದೆ, "ಕರುಣಾ, ಒಂದು ಕೈ ಕೊಡು," ಎಂದು ಕರೆದೆ. ಅವಳು ಎದ್ದು ಬಂದಳು. ಇಬ್ಬರೂ ಸೇರಿ ಅವರನ್ನು ತಿರುಗಿಸಿ ಬೆನ್ನಿಗೆ ದಿಂಬು ಕೊಡುವಷ್ಟರಲ್ಲಿ ಒಳಗೆ ಏನೋ ಕುಸಿದ ಸದ್ದು. ದೊಡ್ಡ ಸದ್ದಲ್ಲ. ಅಕ್ಕಿಯ ಗೋಣಿ ಇಳಿಸಿದ ಹಾಗೆ. ಹೋಗಿ ನೋಡಿದರೆ ಅಡುಗೆಮನೆ ತುಂಬ ಬಿಳಿ ಧೂಳು. ಛಾವಣಿಯಿಂದ ಹಲಗೆಯಷ್ಟು ಅಗಲದ ಗಾರೆ ಕಳಚಿ ಬಿದ್ದಿತ್ತು. ಅಲಸಂಡೆಯ ಬುಟ್ಟಿ ಅದರ ಅಡಿಯಲ್ಲಿತ್ತು. ಕರುಣಾ ಕೂತಿದ್ದ ಮಣೆ ಸೀಳಿತ್ತು.

ನಾನು ಬಾಗಿಲ ದಾರಂದ ಹಿಡಿದೆ. ಇಲ್ಲಿ ಕಂಡದ್ದನ್ನಷ್ಟೇ ಬರೆಯುತ್ತಿದ್ದೇನೆ.

ಕರುಣಾ ಮೊಣಕಾಲೂರಿ ಕೂತು ಕಣ್ಣು ಮುಚ್ಚಿ ಸ್ತೋತ್ರ ಹೇಳಿದಳು. ಎದ್ದು ನನ್ನ ಕಡೆ ತಿರುಗಿದಾಗ ಅವಳ ಮುಖ ಹೊಳೆಯುತ್ತಿತ್ತು. "ನೋಡಿದ್ಯಾ ಅಕ್ಕ? ಎಬ್ಬಿಸಿದ್ರು ನನ್ನನ್ನು."

"ನಿನ್ನನ್ನು ಎಬ್ಬಿಸಿದ್ದು ನಾನು."

"ನಿನ್ನ ಬಾಯಿಂದ ಅವರು ಕರೆದ್ರು."

"ಆಯ್ತು, ಒಪ್ಪಿದೆ. ಹಾಗಾದರೆ ಅದೇ ಬಾಯಿಂದ ಅವರು ಈಗ ಇನ್ನೊಂದು ಮಾತು ಹೇಳ್ತಾ ಇದ್ದಾರೆ. ಈ ಮನೆಯಿಂದ ಇಳಿ."

ಅವಳು ಪೊರಕೆ ತಂದು ಧೂಳು ಗುಡಿಸತೊಡಗಿದಳು. ಮಂಚದಿಂದ ರೂತಮ್ಮ, "ಎಂತ ಬಿದ್ದದ್ದು?" ಎಂದು ಕೇಳಿದರು. "ಪಾತ್ರೆ, ಮಾಮಿ," ಎಂದಳು ಕರುಣಾ. ನನ್ನ ತಂಗಿ ಸುಳ್ಳು ಹೇಳಿದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ. ಅಂದು ಊಟ ಹೊರಗಿನ ಕೋಣೆಯಲ್ಲಿ, ಪಕ್ಕದ ಬೀದಿಯಿಂದ ತಂದ ವಡಾಪಾವ್.

ಭಾನುವಾರ ರೂತಮ್ಮನನ್ನು ಎದುರು ಮನೆಯ ಹೆಂಗಸಿಗೆ ಒಪ್ಪಿಸಿ ಕಲ್ಯಾಣ್‌ಗೆ ಹೋದೆವು. ಡೊಂಬಿವಲಿಯಿಂದ ರೈಲಿನಲ್ಲಿ ಎರಡೇ ನಿಲ್ದಾಣ. ಅಲ್ಲಿ ಒಂದು ಶಾಲೆಯ ಹಾಲನ್ನು ಬಾಡಿಗೆಗೆ ಹಿಡಿದು ಕನ್ನಡ ಪ್ರಾರ್ಥನಾ ಕೂಟ ನಡೆಯುತ್ತದೆ. ಎಪ್ಪತ್ತು ಎಂಬತ್ತು ಜನ. ಕರಾವಳಿಯವರು, ಹುಬ್ಬಳ್ಳಿ ಗದಗ ಕಡೆಯವರು. ಮಕ್ಕಳು ತಮ್ಮತಮ್ಮಲ್ಲಿ ಹಿಂದಿ ಮಾತಾಡಿಕೊಂಡು ಕನ್ನಡ ಕೀರ್ತನೆಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದಿಟ್ಟು ಹಾಡುತ್ತಾರೆ. ಹಾಡು ಚೆನ್ನಾಗಿತ್ತು. ಸುಧೀರ ಸತ್ತಾಗ ಅನ್ನ ಬೇಯಿಸಿ ತಂದವರು ಇದೇ ಜನ, ಅದನ್ನೂ ಹೇಳಬೇಕು.

ಪಾಸ್ಟರಿಗೆ ಐವತ್ತರ ಆಸುಪಾಸು. ಗದಗ ಕಡೆಯವರು, ಮೃದು ಮಾತು. ಅಂದು ಅವರು ಎತ್ತಿಕೊಂಡ ವಿಷಯ, ಸ್ವಂತ ಬುದ್ಧಿಯನ್ನು ಆಧಾರ ಮಾಡಿಕೊಳ್ಳಬಾರದು ಎಂಬುದು. ಅರ್ಧದವರೆಗೆ ನನಗೂ ಹಿತವಾಗಿತ್ತು. ಅಷ್ಟರಲ್ಲಿ ಅವರು, "ನಮ್ಮ ನಡುವೆ ಒಬ್ಬ ಸಹೋದರಿ ಇದ್ದಾಳ. ಸರಕಾರ ಕಾಗದ ಅಂಟಿಸೇತಿ. ಆಜುಬಾಜು ಮಂದಿ ಗಂಟುಮೂಟಿ ಕಟ್ಟ್ಯಾರ. ಆಕಿ ಮಾತ್ರ ವಾಗ್ದಾನದ ಮ್ಯಾಲೆ ನಿಂತಾಳ. ಸಿಸ್ಟರ್ ಕರುಣಾ, ಎದ್ದು ನಿಲ್ಲವ್ವಾ," ಎಂದರು.

ಕರುಣಾ ಎದ್ದು ನಿಂತಳು. ಇಡೀ ಹಾಲು ಆಮೆನ್ ಎಂದಿತು. ಯಾರೋ ಚಪ್ಪಾಳೆ ತಟ್ಟಿದರು. ಅವಳ ಸೆರಗಿನ ತುದಿಯಲ್ಲಿ ಅಡುಗೆಮನೆಯ ಬಿಳಿ ಧೂಳು ಇನ್ನೂ ಹತ್ತಿಕೊಂಡಿತ್ತು. ಇಷ್ಟು ಜನರಲ್ಲಿ ಒಬ್ಬರಾದರೂ, ಆ ಮಂಚದಲ್ಲಿರುವ ಮುದುಕಿಯ ಗತಿ ಏನು ಎಂದು ಕೇಳಲಿಲ್ಲ. ಹೀಗೆ ಎಬ್ಬಿಸಿ ನಿಲ್ಲಿಸಿದ ಮೇಲೆ ಅವಳು ಆ ಮನೆಯಿಂದ ಇಳಿಯುವುದಾದರೂ ಹೇಗೆ? ಇಳಿದರೆ ಸೋತವಳು ಅವಳು ಮಾತ್ರವಲ್ಲ, ದೇವರೂ ಸೋತ ಹಾಗೆ ಎಂದು ಎಂಬತ್ತು ಜನ ಸೇರಿ ಅವಳಿಗೆ ಹೇಳಿಯಾಗಿತ್ತು. ನೋಟೀಸು ಗೇಟಿಗೆ ಅಂಟಿತ್ತು. ಈ ಆಮೆನ್ ಅವಳಿಗೇ ಅಂಟಿತು.

ಆರಾಧನೆ ಮುಗಿದ ಮೇಲೆ ಪಾಸ್ಟರ ಬಳಿ ಹೋಗಿ ನಾನು ಕರುಣಾಳ ಅಕ್ಕ, ಮಾತಾಡಬೇಕಿತ್ತು ಎಂದೆ. "ನಾಳೆ ಮನೀಗೆ ಬರ್ರಿ ಅಕ್ಕಾವರ, ಚಾ ಕುಡದು ಮಾತಾಡೋಣ," ಎಂದು ವಿಳಾಸ ಕೊಟ್ಟರು. ನವಿ ಮುಂಬಯಿಯ ಸೀವುಡ್ಸ್.

ಸೋಮವಾರ ಒಬ್ಬಳೇ ಹೊರಟೆ. ಡೊಂಬಿವಲಿಯಿಂದ ಥಾಣೆಗೆ ನಿಂತುಕೊಂಡೇ ಹೋದದ್ದು. ಎಂಥ ನೂಕುನುಗ್ಗಲೆಂದರೆ ನನ್ನ ಚಪ್ಪಲಿಯ ಬಾರು ಕಿತ್ತದ್ದು ಇಳಿದ ಮೇಲೆ ಗೊತ್ತಾಯಿತು. ಥಾಣೆಯಲ್ಲಿ ಪನ್ವೇಲಿನ ಗಾಡಿ ಹತ್ತಿದರೆ ನೇರ ಸೀವುಡ್ಸ್, ಮುಕ್ಕಾಲು ಗಂಟೆಯ ದಾರಿ. ಆ ಗಾಡಿಯಲ್ಲಿ ಗಾಳಿಯಿತ್ತು. ಸೀವುಡ್ಸ್‌ನಲ್ಲಿ ಸ್ಟೇಷನ್ನಿನ ಮೇಲೆಯೇ ದೊಡ್ಡ ಮಾಲು. ಹೊರಗೆ ಬಂದರೆ ಅಗಲ ರಸ್ತೆ, ಸಾಲು ಮರ. ಪಾಸ್ಟರ ಮನೆ ಹದಿನಾಲ್ಕನೆಯ ಮಹಡಿಯಲ್ಲಿ, ಲಿಫ್ಟು ಇದೆ. ಮಗ ಕೊಂಡ ಮನೆ, ಅವರದ್ದಲ್ಲ. ಇದರಲ್ಲಿ ತಪ್ಪು ಹುಡುಕುವುದಿಲ್ಲ. ದೇವರ ಸೇವಕರು ಬಿರುಕುಬಿಟ್ಟ ಮನೆಯಲ್ಲೇ ಇರಬೇಕೆಂದು ನಾನು ಹೇಳುತ್ತಿಲ್ಲ.

ಪಾಸ್ಟರ ಹೆಂಡತಿ ಚಹಾ, ಚೂಡಾ ತಂದಿಟ್ಟರು. ನಾನು ಶನಿವಾರ ನಡೆದದ್ದನ್ನು ನಡೆದಂತೆ ಹೇಳಿದೆ. ಅವರು ಕಣ್ಣು ಮುಚ್ಚಿ ಕೇಳಿದರು.

"ದೊಡ್ಡ ರಕ್ಷಣಾ ಆತಲ್ರಿ," ಎಂದರು.

"ಆಯಿತು. ಇನ್ನೊಂದು ಸಲ ಆಗಬೇಕೆಂದು ಕಾಯುವುದು ಬೇಡ. ನೀವು ಒಂದು ಮಾತು ಹೇಳಿ. ಇಳಿಯಮ್ಮ ಎಂದರೆ ಸಾಕು, ಅವಳು ಇಳಿಯುತ್ತಾಳೆ."

"ನೋಡ್ರಿ ಅಕ್ಕಾವರ. ನಾ ಆಕಿಗೆ ಅಲ್ಲೇ ಇರು ಅಂತ ಯಾವತ್ತೂ ಹೇಳಿಲ್ಲ. ಅದು ಆಕಿ ಮತ್ತ ದೇವರ ನಡುವಿನ ಮಾತು. ನಾ ನಡುವ ಬಂದು ಆಕಿ ವಿಶ್ವಾಸ ಹ್ಯಾಂಗ ಒಡೀಲಿ?"

ಅವರು ಹೇಳಿದ್ದು ನಿಜ. ಇರು ಎಂದು ಅವರು ಹೇಳಿರಲಿಲ್ಲ. ಎದ್ದು ನಿಲ್ಲು ಎಂದಷ್ಟೇ ಹೇಳಿದ್ದು.

"ನಿನ್ನೆ ಎಂಬತ್ತು ಜನರ ಎದುರು ನೀವು ಅವಳನ್ನು ನಿಲ್ಲಿಸಿದಿರಲ್ಲ, ಅದು ನಡುವೆ ಬಂದದ್ದಲ್ಲವೇ?"

"ಮಂದೀಗೆ ಒಂದು ಧೈರ್ಯ ಬೇಕಾಗ್ತದರಿ."

ಆಗ ಕರೆಗಂಟೆಯಾಯಿತು. ಸೊಸೈಟಿಯ ಕಡೆಯಿಂದ ಒಬ್ಬ ಕೆಲಸಗಾರ ಬಂದಿದ್ದ. ಪಾಸ್ಟರು ಎದ್ದು ಅವನನ್ನು ಕರೆದುಕೊಂಡು ಹೋಗಿ ಬಚ್ಚಲಮನೆಯ ಪಕ್ಕದ ಗೋಡೆ ತೋರಿಸಿದರು. ನಾನು ಕೂತಲ್ಲಿಂದ ಕಾಣುತ್ತಿತ್ತು. ಅಂಗೈಯಷ್ಟು ಒದ್ದೆಯ ಕಲೆ. "ಬಾರಿಶ್ ಕೆ ಪಹಲೇ ಹೋನಾ ಚಾಹಿಯೇ ಭಾಯಿ. ಪಿಛಲೇ ಸಾಲ್ ಭೀ ಆಪ್ ಲೋಗ್ ನೇ ಐಸಾ ಹೀ ಬೋಲಾ ಥಾ," ಎಂದು ಗದರಿದರು. ಮಳೆಗೆ ಮುಂಚೆ ಆಗಲೇಬೇಕು, ಕಳೆದ ವರ್ಷವೂ ಹೀಗೇ ಹೇಳಿದ್ದಿರಿ ಎಂದು. ಮೃದು ಮಾತಿನವರು ಎಂದೆನಲ್ಲ, ಆ ಒಂದು ಗಳಿಗೆ ಅವರ ಸ್ವರ ಬೇರೆಯೇ ಇತ್ತು.

ಅವರು ಮರಳಿ ಬಂದು ಕೂತಾಗ ನಾನು ಕೇಳಿದೆ: "ಪಾಸ್ಟರೇ, ಈ ವರ್ಷ ನೀವು ಎತ್ತಿದ ಕಾರ್ಡಿನಲ್ಲಿ ಏನು ಬಂದಿತ್ತು?"

"ನಾ ಎತ್ತೂದಿಲ್ಲರಿ," ಎಂದರು, ನಗುತ್ತ. "ನಾ ಹಂಚಾಂವ."

ಚಹಾ ಅರ್ಧ ಬಿಟ್ಟು ಎದ್ದೆ. ಅವರು ಲಿಫ್ಟಿನವರೆಗೆ ಬಂದು ನನಗಾಗಿ ಪ್ರಾರ್ಥನೆ ಮಾಡಿದರು. ನಾನು ತಲೆ ಬಾಗಿಸಲಿಲ್ಲ. ಸಿಟ್ಟಿನಲ್ಲಿ ಹೇಳದೆ ಇರಲಾಗದ ಒಂದು ಸಂಗತಿ ಇದು: ಪ್ರಭುವನ್ನು ದೇವಾಲಯದ ತುದಿಯಲ್ಲಿ ನಿಲ್ಲಿಸಿ, ಧುಮುಕು, ದೂತರು ಹಿಡಿಯುತ್ತಾರೆ ಎಂದು ವಾಕ್ಯ ಹೇಳಿಯೇ ಪುಸಲಾಯಿಸಿದವನು ಯಾರು ಎಂಬುದನ್ನು ನಮ್ಮ ಭಾನುವಾರದ ಶಾಲೆಯ ಎರಡನೆಯ ತರಗತಿಯ ಮಕ್ಕಳೂ ಹೇಳುತ್ತಾರೆ, ಪಿಶಾಚ ಎಂದು. ಸೀವುಡ್ಸ್‌ನ ಹದಿನಾಲ್ಕನೆಯ ಮಹಡಿಗೆ ಅದು ಮರೆತುಹೋಗಿದೆ.

ಹಿಂದಿರುಗುವ ಗಾಡಿಯಿಂದ ಘಣಸೋಲಿಯಲ್ಲಿ ಇಳಿದೆ. ಕರುಣಾಳ ಕಟ್ಟಡದಲ್ಲಿ ಎರಡನೆಯ ಮಹಡಿಯಲ್ಲಿದ್ದ ವಿಠಲ ಶೆಟ್ಟರು ನೋಟೀಸು ಬಂದ ವಾರವೇ ಅಲ್ಲಿಗೆ ಬಂದಿದ್ದರು. ಅವರ ನಂಬರು ಕೊಟ್ಟದ್ದು ರೂತಮ್ಮ, ಕರುಣಾ ಸ್ನಾನಕ್ಕೆ ಹೋದಾಗ. ಶೆಟ್ಟರದ್ದು ಕಾಪು ಕಡೆ. ಘಣಸೋಲಿಯ ಹಳೆಯ ಊರಿನ ಓಣಿಯಲ್ಲಿ, ಮೀನು ಮಾರುವ ಹೆಂಗಸರ ಸಾಲಿನ ಹಿಂದೆ, ಒಂದು ಸಣ್ಣ ಕ್ಯಾಂಟೀನು ನಡೆಸುತ್ತಾರೆ. ನನಗೆ ನೀರುಮಜ್ಜಿಗೆ ಕೊಟ್ಟು, ಎದುರು ಕೂತು ನಾನು ಹೇಳಿದ್ದನ್ನು ಕೇಳಿದರು.

"ನಮ್ಮ ದೇವರು ಹಾಗೆಲ್ಲ ಹೇಳುದಿಲ್ಲ ಮಾರಾಯ್ರೆ. ನಮ್ಮೂರಿನ ದೈವಕ್ಕೆ, ಭೂತಕ್ಕೆ ಕೇಳಿದ್ರೂ, ಮೊದಲು ನೀನು ಅಲ್ಲಿಂದ ಹೊರಡು ಮಗಾ ಅಂತಲೇ ಹೇಳೀತು. ನಿಮ್ಮವರು ಹಾಗೆ ಹೇಳ್ತಾರಾ?"

"ನಮ್ಮವರೂ ಹೇಳುವುದಿಲ್ಲ ಶೆಟ್ರೇ."

"ಮತ್ತೆ?"

ನಾನು ಮಜ್ಜಿಗೆಯ ಲೋಟ ಎತ್ತಿಕೊಂಡೆ. ಅವರು ಒತ್ತಾಯ ಮಾಡಲಿಲ್ಲ. ತಮ್ಮ ಮನೆಯ ಪಕ್ಕದ ಚಾಳಿನಲ್ಲಿ ನೆಲಮಟ್ಟದ ಒಂದು ಕೋಣೆ ಖಾಲಿ ಇರುವುದನ್ನು ತೋರಿಸಿದರು. ಸಣ್ಣದು, ಶೀಟಿನ ಮಾಡು. ಆದರೆ ಮೆಟ್ಟಿಲಿಲ್ಲ. "ಆ ಅಮ್ಮ ನನಗೆ ಮೀನಿನ ಗಸಿ ಮಾಡ್ಲಿಕ್ಕೆ ಕಲಿಸಿದವರು. ನಾಳೆ ಬೆಳಿಗ್ಗೆ ನಮ್ಮ ಕ್ಯಾಂಟೀನಿನ ಮೂವರನ್ನು ಕರ್ಕೊಂಡು ಬರ್ತೇನೆ. ನಿಮ್ಮ ತಂಗಿ ಬೈದ್ರೆ ನೀವು ನೋಡಿಕೊಳ್ಳಿ, ನನಗೆ ಧೈರ್ಯ ಇಲ್ಲ," ಎಂದರು.

ಸಂಜೆ ಕರುಣಾಳಿಗೆ ಎಲ್ಲವನ್ನೂ ಹೇಳಿದೆ. ಅವಳು ಕಿರುಚಲಿಲ್ಲ. "ಇಷ್ಟು ವರ್ಷ ಅವರನ್ನು ನಂಬಿ ಬಂದೆ. ಈಗ ಗಾರೆ ಬಿತ್ತು ಅಂತ ಕೈಬಿಡುದಾ? ಹೋಗುದಾದ್ರೆ ನೀನು ಹೋಗು ಅಕ್ಕ," ಎಂದಳು. ಅಷ್ಟರಲ್ಲಿ ಮಂಚದ ಕಡೆಯಿಂದ ರೂತಮ್ಮ ಮಾತಾಡಿದರು.

"ಕರುಣಾ, ಆ ಕಾರ್ಡು ಎತ್ತಿದ್ದು ಯಾರು?"

"ನಾನು ಮಾಮಿ. ನಮ್ಮ ಮನೆಗೆ ಅಂತ."

"ನನ್ನನ್ನು ಕೇಳಿದ್ಯಾ? ನಾನು ಎತ್ತಿಲ್ಲ. ದೇವರು ನನ್ನತ್ರ ಈ ಗೋಡೆಯ ಸುದ್ದಿ ಮಾತಾಡಿಲ್ಲ. ಮೊನ್ನೆ ಬಿದ್ದದ್ದು ಪಾತ್ರೆ ಅಲ್ಲ ಅಂತ ನನಗೆ ಗೊತ್ತುಂಟು. ಕಾಲು ಹೋದದ್ದು, ಕಿವಿ ಹೋಗಿಲ್ಲ." ಸ್ವಲ್ಪ ಸುಧಾರಿಸಿಕೊಂಡು ಮತ್ತೆ ಹೇಳಿದರು: "ನೀನು ದೇವರನ್ನು ನಂಬಿ ಇಲ್ಲಿ ಇರು ಮಗಾ. ನಾನು ದೇವರನ್ನು ನಂಬಿ ಶೆಟ್ರ ಕೈಯಲ್ಲಿ ಕೂರ್ತೇನೆ. ಯಾರ ನಂಬಿಕೆ ದೊಡ್ಡದು ಅಂತ ಮತ್ತೆ ನೋಡುವ."

ಕರುಣಾ ಅಡುಗೆಮನೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಆ ಛಾವಣಿಯ ಕೆಳಗೆ. ನಾನು ಬಾಗಿಲ ಹೊರಗೆ ನಿಂತು ಅವಳು ಹೊರಬರುವವರೆಗೆ ಅಲ್ಲೇ ಇದ್ದೆ.

ಮಂಗಳವಾರ ಬೆಳಿಗ್ಗೆ ಶೆಟ್ಟರು ಮೂವರೊಂದಿಗೆ ಒಂದು ಟೆಂಪೋದಲ್ಲಿ ಬಂದರು. ಜೊತೆಗೆ ಕೈಯಿರುವ ಒಂದು ಗಟ್ಟಿ ಪ್ಲಾಸ್ಟಿಕ್ ಕುರ್ಚಿ, ಎರಡು ಹಳೆಯ ಲುಂಗಿ. ಲುಂಗಿಯಿಂದ ರೂತಮ್ಮನ ಸೊಂಟವನ್ನೂ ಕಾಲುಗಳನ್ನೂ ಕುರ್ಚಿಗೆ ಕಟ್ಟಿದರು. ಇಬ್ಬರು ಮೇಲೆ, ಇಬ್ಬರು ಕೆಳಗೆ. ಬಾಗಿಲು ದಾಟಿ ಮೊದಲ ಮೆಟ್ಟಿಲಿಗೆ ಬಂದಾಗ ಕುರ್ಚಿ ಮುಂದಕ್ಕೆ ಬಾಗಿತು. ರೂತಮ್ಮ ಹೆದರಿ ಕೈಚಾಚಿ ಮೆಟ್ಟಿಲಿನ ಕಂಬಿ ಹಿಡಿದರು. ಕುರ್ಚಿ ಒಂದು ಕಡೆಗೆ ವಾಲಿ, ನಾಲ್ವರೂ ಒಟ್ಟಿಗೆ ತಡವರಿಸಿದರು. ಮುಂದಿದ್ದವನ ಬೆನ್ನು ಗೋಡೆಗೆ ಬಡಿದು ಮಣ್ಣು ಉದುರಿತು.

"ಬಿಡಿ ಅಮ್ಮ, ಕಂಬಿ ಬಿಡಿ," ಎಂದರು ಶೆಟ್ಟರು, ಏದುಸಿರಿನಲ್ಲಿ. "ನೀವು ಹಿಡಿದ್ರೆ ನಾವೆಲ್ಲ ಬೀಳ್ತೇವೆ. ಎಂತದೂ ಹಿಡೀಬೇಡಿ."

ರೂತಮ್ಮ ಕಂಬಿಯನ್ನೂ ಶೆಟ್ಟರ ಮುಖವನ್ನೂ ನೋಡಿದರು. ಆಮೇಲೆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಎರಡೂ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡರು. ಕಣ್ಣು ಮುಚ್ಚಲಿಲ್ಲ. ಪ್ರಾರ್ಥನೆಯನ್ನೂ ಹೇಳಲಿಲ್ಲ, ಹೇಳಿದ್ದರೆ ನನಗೆ ಕೇಳುತ್ತಿತ್ತು. ಮೂರು ಮಹಡಿ ಇಳಿಯುವವರೆಗೂ ಆ ಕೈಗಳು ಅಲ್ಲಿಯೇ ಇದ್ದವು. ಕಬ್ಬಿಣದ ಟೇಕುಗಳ ನಡುವೆ ಕುರ್ಚಿಯನ್ನು ಓರೆ ಮಾಡಿ ದಾಟಿಸಬೇಕಾಯಿತು, ಆಗಲೂ.

ನಾನು ಹಿಂದೆ ತಿರುಗಿ ನೋಡಿದೆ. ಕರುಣಾ ಮೇಲಿನ ಮೆಟ್ಟಿಲಲ್ಲಿ ನಿಂತು ಆ ಕೈಗಳನ್ನೇ ನೋಡುತ್ತಿದ್ದಳು. ಸ್ವಲ್ಪ ಹೊತ್ತಿನ ಮೇಲೆ ಅತ್ತೆಯ ಔಷಧಿಯ ಚೀಲ, ಮಲದ ಪಾತ್ರೆ, ದಿಂಬು ತೆಗೆದುಕೊಂಡು ಇಳಿದು ಬಂದು ಟೆಂಪೋದ ಹಿಂಭಾಗದಲ್ಲಿ ಅತ್ತೆಯ ಪಕ್ಕ ಕೂತಳು. ಘಣಸೋಲಿಯವರೆಗೂ ಆ ದಿಂಬನ್ನು ಅತ್ತೆಯ ಬೆನ್ನಿಗೆ ಒತ್ತಿ ಹಿಡಿದಿದ್ದಳು.

ಬುಧವಾರ ಪಾಸ್ಟರ ಫೋನು ಬಂತು. ಸುದ್ದಿ ಮುಟ್ಟಿತ್ತು. ಕರುಣಾ ಸ್ಪೀಕರಿಗೆ ಹಾಕಿ ಅಕ್ಕಿ ಆರಿಸುತ್ತಿದ್ದಳು. ದೇವರು ಬಾಗಿಲು ತೆರೆದರಂತೆ, ವಾಗ್ದಾನವನ್ನು ತಾವು ನಿರೀಕ್ಷಿಸದ ರೀತಿಯಲ್ಲಿ ನೆರವೇರಿಸಿದರಂತೆ, ಭಾನುವಾರ ಎದ್ದು ನಿಂತು ಸಾಕ್ಷಿ ಹೇಳಬೇಕಂತೆ. ನನಗೆ ಬಂದ ಸಿಟ್ಟಿಗೆ ಮೊಬೈಲನ್ನು ಓಣಿಗೆ ಎಸೆಯಬೇಕೆನಿಸಿತು. ಮೊನ್ನೆ ಇದ್ದರೂ ಅವರದ್ದೇ ಗೆಲುವು, ಇಂದು ಹೊರಟರೂ ಅವರದ್ದೇ ಗೆಲುವು. ಆ ಮುದುಕಿ ಗಾರೆಯ ಅಡಿಯಲ್ಲಿ ಸತ್ತಿದ್ದರೆ ಅದಕ್ಕೂ ಅವರ ಬಳಿ ಒಂದು ವಾಕ್ಯ ಇರುತ್ತಿತ್ತು.

"ಹೇಳ್ತೇನೆ ಪಾಸ್ಟರ್," ಎಂದಳು ಕರುಣಾ. "ಆದ್ರೆ ನಡೆದ ಹಾಗೆ ಹೇಳ್ತೇನೆ. ಶನಿವಾರ ಗಾರೆ ಬಿದ್ದದ್ದು, ನಾನು ಮಾಮಿಗೆ ಸುಳ್ಳು ಹೇಳಿದ್ದು, ಅಕ್ಕ ನಿಮ್ಮಲ್ಲಿಗೆ ಬಂದದ್ದು, ನೀವು ಎಂತ ಹೇಳಿದ್ದು, ಎಲ್ಲ."

ಈ ಭಾನುವಾರ ಕಾರ್ಯಕ್ರಮ ಉದ್ದ ಇದೆ, ಮುಂದೆ ನೋಡೋಣ ಎಂದರು ಪಾಸ್ಟರು. ರೂತಮ್ಮ ಮಲಗಿದ್ದಲ್ಲೇ ನಕ್ಕರು.

ಶುಕ್ರವಾರ ನಾನು ಹೊರಟೆ. ಅಂದಿನವರೆಗೂ ಡೊಂಬಿವಲಿಯ ಕಟ್ಟಡ ನಿಂತೇ ಇತ್ತು, ಈಗಲೂ ಇದೆಯೆಂದು ಶೆಟ್ಟರು ಹೇಳುತ್ತಾರೆ. ಬಿದ್ದರೆ ನಾನು ಗೆದ್ದೆ, ನಿಂತರೆ ಅವರು ಗೆದ್ದರು ಎಂಬ ಲೆಕ್ಕ ನನಗೆ ಬೇಡ. ಕರುಣಾ ಥಾಣೆಯವರೆಗೆ ಬಂದು ಗಾಡಿ ಹತ್ತಿಸಿದಳು. "ನಾನು ಸೋತೆ ಅಂತ ಊರಲ್ಲಿ ಹೇಳ್ಬೇಡ," ಎಂದಳು. ಹೇಳುವುದಿಲ್ಲ ಎಂದೆ.

ರೋಹಾ ದಾಟುವಾಗ ಮಳೆ ಶುರುವಾಯಿತು. ಕಿಟಕಿಯ ಗಾಜಿನ ಮೇಲೆ ಮೊದಲ ಹನಿಗಳು ಅಡ್ಡಡ್ಡವಾಗಿ ಹರಿದವು. ಚಿಪ್ಳೂಣಿನ ಹತ್ತಿರ ಸಿಗ್ನಲ್ ಸಿಕ್ಕಾಗ ಅವಳ ಫೋನು. ಅಲ್ಲಿಯೂ ಮಳೆಯಂತೆ, ಶೀಟಿನ ಮಾಡಿನ ಸದ್ದಿಗೆ ಒಬ್ಬರ ಮಾತು ಒಬ್ಬರಿಗೆ ಕೇಳುತ್ತಿಲ್ಲವಂತೆ.

"ಮಾಮಿ?" ಎಂದು ಕೇಳಿದೆ.

"ಊಟ ಮಾಡಿ ಮಲಗಿದ್ದಾರೆ. ನಾನೂ ಥಾಣೆಯಿಂದ ಬಂದವಳೇ ಮಲಗಿ ಈಗ ಎದ್ದದ್ದು." ಆಮೇಲೆ ಹೇಳಿದಳು: "ಅಕ್ಕ, ಆ ಮನೆಯಲ್ಲಿ ಮಳೆ ಬಂದ್ರೆ ನಾನು ಮಲಗ್ತಾ ಇರ್ಲಿಲ್ಲ. ಮೂರು ಮಳೆಗಾಲ. ಕೂತು ಮೇಲೆ ನೋಡಿಕೊಂಡು ಪ್ರಾರ್ಥನೆ ಮಾಡುದು. ನಾನು ನಿಲ್ಲಿಸಿದ್ರೆ ಅದು ಬೀಳ್ತದೆ ಅಂತ. ಈ ವಿಷಯ ಮಾತ್ರ ಯಾರಿಗೂ ಹೇಳಿರ್ಲಿಲ್ಲ."